ಉತ್ತು ಬಿತ್ತದ ಹೊಲದಲ್ಲಿ ಒಂದು ದಿನ

ಕಳೆದ ವರ್ಷ ಅಮೆರಿಕದಿಂದ ಮಂಡ್ಯಕ್ಕೆ ಮರಳಿದಾಗ ನಮ್ಮ ಬೀದಿಯವರಾಗಲಿ, ನೆಂಟರಿಷ್ಟರಾಗಲಿ ಮಗಳ ಮನೆ ಹೇಗಿದೆ ಎಂದು ಕೇಳುವುದಕ್ಕೆ ಮೊದಲೇ ಕೇಳಿದ್ದು, "ವಜ್ರ ಸಿಕ್ತಂತಾ?" ಎಂದು. ನಾವು ವಜ್ರ ಹುಡುಕಲು ಹೋಗಿದ್ದ ಸುದ್ದಿ ಫೋಟೊಗಳ ಮೂಲಕ ನಮಗಿಂತ ಮುಂಚೆ ಊರು ಸೇರಿತ್ತು. ಸಿಗಲಿಲ್ಲ. ಅವರಿಗೆ ಹೇಳಿದಂತೆ ಇಲ್ಲಿಯೂ ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಆರ್ಕನ್ಸಾ ರಾಜ್ಯದ ಮರ್ಫ್ರೀಸ್‌ಬರೊ ಎಂಬ ಚಿಕ್ಕ ಊರಿನ ಬಳಿ 'ಕ್ರೇಟರ್ ಆಫ್ ಡೈಮಂಡ್ಸ್' ಎಂಬ ಸರ್ಕಾರಿ ಉದ್ಯಾನವಿದೆ. ಟಿಕೆಟ್ ಕೊಂಡು ಒಳಹೊಕ್ಕ ಯಾರೇ ಆಗಲಿ ಅಲ್ಲಿನ ನೆಲವನ್ನು ಅಗೆದು ವಜ್ರ ಹುಡುಕಬಹುದು, ಸಿಕ್ಕಿದ್ದನ್ನು ಮನೆಗೆ ಒಯ್ಯಬಹುದು. ನಮ್ಮ ದೇಶದ ಪನ್ನಾದಲ್ಲಿಯೂ ಸಾಮಾನ್ಯ ಜನರು ಸರ್ಕಾರದಿಂದ ತುಂಡು ನೆಲವನ್ನು ಗುತ್ತಿಗೆ ಪಡೆದು ಅಗೆಯುವ ಪದ್ಧತಿಯಿದೆ. ಆದರೆ ಸಿಕ್ಕ ಹರಳನ್ನು ವಜ್ರದ ಕಚೇರಿಗೆ ಒಪ್ಪಿಸಬೇಕು, ಅದು ಹರಾಜಾದ ಮೇಲೆ ರಾಜಧನವನ್ನು ಮುರಿದುಕೊಂಡು ಉಳಿದ ಹಣವನ್ನು ಕೊಡುತ್ತಾರೆ. ಇನ್ನೂ ಹತ್ತಿರದ ಅನಂತಪುರ, ಕರ್ನೂಲು ಜಿಲ್ಲೆಗಳಲ್ಲಿ ಮುಂಗಾರಿನ ಮೊದಲ ಮಳೆ ಬಿದ್ದ ಕೂಡಲೇ ಜನರು ಹೊಲಗಳಲ್ಲಿ ತಲೆ ಬಗ್ಗಿಸಿಕೊಂಡು ನಡೆಯುವುದನ್ನು ನಾವೆಲ್ಲರೂ ಪತ್ರಿಕೆಗಳಲ್ಲಿ ನೋಡಿದ್ದೇವೆ. ಅಷ್ಟು ಸಮೀಪದಲ್ಲಿದ್ದದ್ದನ್ನು ಬಿಟ್ಟು ಕಡಲಾಚೆ ಹೋಗಿ ಮಣ್ಣು ಅಗೆದೆವಲ್ಲ ಎಂದು ಈಗ ನಗು ಬರುತ್ತದೆ.

ಡಲ್ಲಾಸಿನಲ್ಲಿರುವ ಮಗಳ ಮನೆಯಿಂದ ಕಾರಿನಲ್ಲಿ ಸುಮಾರು ನಾಲ್ಕು ಗಂಟೆಯ ದಾರಿ. ಗಣಿ ಎಂದೊಡನೆ ನನಗೆ ಕೋಲಾರದ ಆಳವಾದ ಬಾವಿಗಳು ನೆನಪಾಗಿದ್ದವು. ಅಲ್ಲಿ ಕಂಡದ್ದು 37 ಎಕರೆಯ ಬಯಲು, ಅದೂ ಟ್ರ್ಯಾಕ್ಟರಿನಿಂದ ಸಾಲು ಸಾಲಾಗಿ ಉತ್ತ ಹೊಲ. ಕೆಳಗಿನ ಮಣ್ಣು ಮೇಲೆ ಬರಲೆಂದು ಉದ್ಯಾನದವರೇ ಅದನ್ನು ಆಗಾಗ ಉಳುಮೆ ಮಾಡಿಸುತ್ತಾರೆ. ನಮ್ಮ ಯಜಮಾನರು ವಿಶ್ವೇಶ್ವರಯ್ಯ ನಾಲೆಯ ನೀರಿನಲ್ಲಿ ಕಬ್ಬು, ಭತ್ತ ಬೆಳೆದ ಮನೆತನದವರು. ಬೇಲಿಯ ಬಳಿ ನಿಂತು, "ಇಷ್ಟು ಭೂಮಿಯನ್ನ ಉತ್ತು ಬಿತ್ತದೆ ಬಿಟ್ಟವ್ರಲ್ಲ" ಎಂದು ನಿಜವಾಗಿಯೂ ನೊಂದುಕೊಂಡರು. ಈ ಹೊಲದ ಹಿಂದಿನ ಒಡೆಯನೂ ಒಬ್ಬ ರೈತನೇ. ಜಾನ್ ಹಡಲ್‌ಸ್ಟನ್ ಎಂಬಾತ 1906ರ ಆಗಸ್ಟ್ ತಿಂಗಳಿನಲ್ಲಿ ತನ್ನ ಜಮೀನಿನಲ್ಲಿ ಎರಡು ಹೊಳೆಯುವ ಹರಳುಗಳನ್ನು ಕಂಡನು. ಅವು ವಜ್ರಗಳೆಂದು ಖಚಿತವಾದ ಮೇಲೆ ಜಮೀನು 36,000 ಡಾಲರಿಗೆ ಮಾರಾಟವಾಯಿತು. ಬಳಿಕ ಬಂದ ಕಂಪನಿಗಳು ಲಾಭ ಕಾಣದೆ ಕೈಬಿಟ್ಟವು. 1972ರಲ್ಲಿ ಆರ್ಕನ್ಸಾ ಸರ್ಕಾರವು ಅದನ್ನು ಕೊಂಡು ಉದ್ಯಾನವನ್ನಾಗಿ ಮಾಡಿತು.

ಸುಮಾರು 10 ಕೋಟಿ ವರ್ಷಗಳ ಹಿಂದೆ ಸ್ಫೋಟಿಸಿದ ಒಂದು ಜ್ವಾಲಾಮುಖಿಯ ಬಾಯಿ ಈ ಹೊಲ. ಭೂಮಿಯ ಬಹು ಆಳದಲ್ಲಿ ಮೊದಲೇ ರೂಪುಗೊಂಡಿದ್ದ ವಜ್ರಗಳನ್ನು ಲ್ಯಾಂಪ್ರೊಯಿಟ್ ಎಂಬ ಶಿಲಾರಸವು ಮೇಲಕ್ಕೆ ಹೊತ್ತು ತಂದಿತು. ಆ ಶಿಲೆ ಸವೆದು ಮಣ್ಣಾದಂತೆ ವಜ್ರಗಳು ಮಾತ್ರ ಸವೆಯದೆ ಉಳಿದುಕೊಂಡವು. ಪ್ರವಾಸಿಗರೆಲ್ಲರಿಗೂ ಸೇರಿ ದಿನಕ್ಕೆ ಸರಾಸರಿ ಒಂದೆರಡು ವಜ್ರಗಳು ಸಿಗುತ್ತವೆ, ಹೆಚ್ಚಿನವು ಬೆಂಕಿಕಡ್ಡಿಯ ತಲೆಗಿಂತ ದೊಡ್ಡವಲ್ಲ. ಆದರೂ 1924ರಲ್ಲಿ ಇಲ್ಲಿಂದ ಹೊರಬಂದ 'ಅಂಕಲ್ ಸ್ಯಾಮ್' 40.23 ಕ್ಯಾರಟ್ ತೂಗಿತು. ಅಮೆರಿಕದಲ್ಲಿ ಸಿಕ್ಕ ವಜ್ರಗಳಲ್ಲಿ ಅದೇ ಅತಿ ದೊಡ್ಡದು. ಉದ್ಯಾನವಾದ ಮೇಲೆ ಪ್ರವಾಸಿಗೆ ಸಿಕ್ಕ ದೊಡ್ಡ ಹರಳು 1975ರ 16.37 ಕ್ಯಾರಟ್‌ನದು. ಒಂದು ಕ್ಯಾರಟ್ ಎಂದರೆ 200 ಮಿಲಿಗ್ರಾಂ, ಅಂದರೆ ಒಂದು ಗ್ರಾಮಿನ ಐದನೆಯ ಒಂದು ಭಾಗ. ಇದನ್ನು ಹೇಳಿದಾಗ ನಮ್ಮ ಪಕ್ಕದ ಮನೆಯವರ ಉತ್ಸಾಹ ಅರ್ಧಕ್ಕಿಳಿಯಿತು.

ಹುಡುಕುವ ವಿಧಾನದ ಬಗೆಗೆ ಸ್ವಲ್ಪ ವಿಸ್ತಾರವಾಗಿ ಬರೆಯಬೇಕು, ಏಕೆಂದರೆ ನನಗೆ ಆ ದಿನದ ನಿಜವಾದ ಸಂತೋಷ ದೊರೆತದ್ದು ಅದರಲ್ಲಿಯೇ. ಬಾಡಿಗೆಗೆ ಪಡೆದ ಸಲಿಕೆ, ಬಕೆಟ್ಟು, ಜರಡಿಗಳೊಂದಿಗೆ ಹೊಲದಲ್ಲಿ ಮಣ್ಣು ತುಂಬಿಕೊಂಡು, ಚಾವಣಿಯ ಕೆಳಗಿರುವ ನೀರಿನ ತೊಟ್ಟಿಯ ಬಳಿ ತರಬೇಕು. ಮೋಟಾರಿನ ಉಪಕರಣಗಳಿಗೆ ಅನುಮತಿಯಿಲ್ಲ. ದೊಡ್ಡ ಕಣ್ಣಿನ ಜರಡಿಯನ್ನು ಸಣ್ಣ ಕಣ್ಣಿನ ಜರಡಿಯ ಮೇಲಿಟ್ಟು ನೀರಿನಲ್ಲಿ ಆಡಿಸಿದರೆ ಜೇಡಿಮಣ್ಣು ಕರಗಿ ಹೋಗುತ್ತದೆ, ದಪ್ಪ ಕಲ್ಲುಗಳು ಮೇಲೆ ನಿಲ್ಲುತ್ತವೆ. ಕೆಳಗಿನ ಜರಡಿಯಲ್ಲಿ ಉಳಿದ ನುಚ್ಚುಗಲ್ಲನ್ನು ನೀರಿನೊಳಗೆ ಅತ್ತಿತ್ತ ಕುಲುಕುತ್ತ, ನಡುನಡುವೆ ಮೇಲೆ ಕೆಳಗೆ ಎತ್ತಿಳಿಸುತ್ತ ಇದ್ದರೆ ಭಾರವಾದ ಹರಳುಗಳು ನಿಧಾನವಾಗಿ ತಳದ ನಡುವಿಗೆ ಸೇರುತ್ತವೆ. ಬಳಿಕ ಜರಡಿಯನ್ನು ತಟ್ಟೆ ಇಡ್ಲಿಯಂತೆ ಮೇಜಿನ ಮೇಲೆ ಬೋರಲು ಹಾಕಬೇಕು. ತಳದಲ್ಲಿದ್ದದ್ದು ಈಗ ಮೇಲೆ ಬರುತ್ತದೆ, ಕಣ್ಣಿಟ್ಟು ನೋಡಬೇಕಾದದ್ದು ಆ ನಡುಭಾಗವನ್ನು.

ಅಳಿಯಂದಿರು ಮೊಬೈಲಿನಲ್ಲಿ ವಿಡಿಯೊ ನೋಡಿಕೊಂಡು ಇದನ್ನು ಕಲಿಯುತ್ತಿದ್ದಾಗ ನನ್ನ ಕೈಗಳು ಆಗಲೇ ಕೆಲಸಕ್ಕೆ ತೊಡಗಿದ್ದವು. ನಮ್ಮ ಅತ್ತೆಯವರು ರಾಗಿ ಗಾಳಿಸುತ್ತಿದ್ದ ರೀತಿಗೂ ಇದಕ್ಕೂ ಅಂಥ ವ್ಯತ್ಯಾಸವೇನೂ ಇರಲಿಲ್ಲ. ಬೋಗುಣಿಯಲ್ಲಿ ನೀರು ತುಂಬಿ, ಮಣಿಕಟ್ಟನ್ನು ತಿರುವುತ್ತ, ಹಗುರವಾದ ರಾಗಿಯನ್ನು ನೀರಿನ ಜೊತೆಗೆ ಇನ್ನೊಂದು ಪಾತ್ರೆಗೆ ಜಾರಿಸಿ, ತಳದಲ್ಲಿ ಉಳಿದ ಕಲ್ಲನ್ನು ಅವರು ಹಿತ್ತಲಿಗೆ ಚೆಲ್ಲುತ್ತಿದ್ದರು. ಇಲ್ಲಿ ಚೆಲ್ಲುವುದೂ ಇಟ್ಟುಕೊಳ್ಳುವುದೂ ಅದಲುಬದಲಾಗಿತ್ತು, ಅಷ್ಟೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ನಾನು ಸಾಂದ್ರತೆಯ ಪಾಠಕ್ಕೆ ಯಾವಾಗಲೂ ಕಬ್ಬಿಣ ಮತ್ತು ಮರದ ತುಂಡುಗಳ ಉದಾಹರಣೆಯನ್ನೇ ಕೊಡುತ್ತಿದ್ದೆ. ಮಂಡ್ಯದ ಪ್ರತಿಯೊಂದು ಅಡುಗೆಮನೆಯಲ್ಲಿಯೂ ಇದ್ದ ಈ ಬೋಗುಣಿ ನನಗೆ ಒಮ್ಮೆಯಾದರೂ ಹೊಳೆದಿರಲಿಲ್ಲ. ವಜ್ರದ ಸಾಂದ್ರತೆ ನೀರಿನ ಮೂರೂವರೆ ಪಟ್ಟು, ಬೆಣಚುಕಲ್ಲಿನದು ಎರಡೂಮುಕ್ಕಾಲು ಪಟ್ಟಿಗಿಂತ ತುಸು ಕಡಿಮೆ. ಆ ಅಂತರವೇ ಜರಡಿಯ ಎಲ್ಲ ಗುಟ್ಟು. ಆದರೆ ತೂಕವನ್ನಷ್ಟೇ ನಂಬುವಂತಿಲ್ಲ, ಏಕೆಂದರೆ ಅದೇ ಮಣ್ಣಿನಲ್ಲಿರುವ ಬರೈಟ್ ಎಂಬ ಖನಿಜ ವಜ್ರಕ್ಕಿಂತಲೂ ಭಾರವಾಗಿದ್ದು ಅದೂ ನಡುವಿಗೇ ಬಂದು ಕೂರುತ್ತದೆ.

ನಮ್ಮ ಯಜಮಾನರಿಗೆ ತೊಟ್ಟಿಯ ಕೆಲಸ ಒಗ್ಗಲಿಲ್ಲ. ಮಳೆ ಬಂದು ಹೋದ ಮೇಲೆ ಸಾಲುಗಳ ನಡುವೆ ನಡೆದೇ ದೊಡ್ಡ ವಜ್ರ ಕಂಡವರಿದ್ದಾರೆ ಎಂದು ಯಾರೋ ಹೇಳಿದ್ದನ್ನು ಹಿಡಿದುಕೊಂಡು ಅವರು ಬಿಸಿಲಿನಲ್ಲಿ ಸುತ್ತಿದರು. ಆ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ವಜ್ರದ ಮೈಗೆ ನೀರು ಅಂಟುವುದಿಲ್ಲ, ಹಾಗಾಗಿ ಒದ್ದೆ ಮಣ್ಣೂ ಅಂಟದೆ ಅದು ತೊಳೆದಿಟ್ಟಂತೆ ಕಾಣುತ್ತದೆ. ಎಣ್ಣೆ, ಜಿಡ್ಡುಗಳಿಗಾದರೆ ಅದು ಕೂಡಲೇ ಅಂಟಿಕೊಳ್ಳುತ್ತದೆ. ದಕ್ಷಿಣ ಆಫ್ರಿಕದ ಗಣಿಗಳಲ್ಲಿ ಗ್ರೀಸ್ ಬಳಿದ ಮೇಜಿನ ಮೇಲೆ ಜಲ್ಲಿಯನ್ನು ನೀರಿನೊಂದಿಗೆ ಹರಿಸಿ ವಜ್ರಗಳನ್ನು ಹಿಡಿಯುತ್ತಿದ್ದದ್ದು ಇದೇ ಗುಣದ ಬಲದಿಂದ. ಎಣ್ಣೆಸ್ನಾನದ ಮರುದಿನ ನಮ್ಮ ಅಜ್ಜಿಯ ವಜ್ರದ ಓಲೆ ಮಂಕಾಗುತ್ತಿದ್ದದ್ದೂ, ಅವರು ಅದನ್ನು ಅಂಟುವಾಳದ ನೊರೆಯಲ್ಲಿ ನೆನೆಹಾಕುತ್ತಿದ್ದದ್ದೂ ಇದಕ್ಕೇ ಇರಬೇಕು.

ಸಂಜೆ ಸಿಬ್ಬಂದಿಯೊಬ್ಬರು ನಮ್ಮ ಸಂಗ್ರಹವನ್ನು ಉಚಿತವಾಗಿ ಪರೀಕ್ಷಿಸಿದರು. ಯಜಮಾನರು ಕರವಸ್ತ್ರದಲ್ಲಿ ಗಂಟುಕಟ್ಟಿ ತಂದಿದ್ದ ಹೊಳೆಯುವ ವಸ್ತುಗಳಲ್ಲಿ ಹೆಚ್ಚಿನವು ಕಾಗೆಬಂಗಾರ, ಒಂದು ಗಾಜಿನ ಚೂರು. ನನ್ನ ಜರಡಿಯಿಂದ ಬಂದವು ಕೆಂಪು ಜಾಸ್ಪರ್, ಬೆಣಚು, ಬರೈಟ್. ಆಕೆ ಒಂದೊಂದನ್ನೂ ಬೆರಳಿನಿಂದ ಸರಿಸುತ್ತ ಹೆಸರು ಹೇಳಿದ ತಾಳ್ಮೆಯನ್ನು ನೋಡಿ, ಒಳ್ಳೆಯ ಅಧ್ಯಾಪಕಿಯಾಗಬಹುದಾಗಿದ್ದವರು ಎನ್ನಿಸಿತು.

ಜರಡಿ ಹಿಡಿದ ಜಲ್ಲಿಯನ್ನು ಒಬ್ಬರು ದಿನಕ್ಕೆ ಒಂದು ಬಕೆಟ್ಟಿನಷ್ಟು ಮನೆಗೆ ಒಯ್ಯಬಹುದೆಂಬ ನಿಯಮವನ್ನು ಯಜಮಾನರು ಫಲಕದಲ್ಲಿ ಓದಿಕೊಂಡಿದ್ದರು. ವಿಮಾನದ ತೂಕದ ಲೆಕ್ಕ ಹಾಕಿ, ಚೆನ್ನಾಗಿ ತೊಳೆದು ಒಣಗಿಸಿದ ಎರಡು ಕಿಲೋ ನುಚ್ಚುಗಲ್ಲನ್ನು, ನನ್ನ ಎರಡು ಸೀರೆಗಳನ್ನು ಮಗಳ ಮನೆಯಲ್ಲಿಯೇ ಬಿಡಿಸಿ, ಪೆಟ್ಟಿಗೆಗೆ ಸೇರಿಸಿದರು. ಈಗ ಪ್ರತಿ ಭಾನುವಾರ ಕಾಫಿಯಾದ ಮೇಲೆ ಜಗಲಿಯಲ್ಲಿ ಮೊರ ಹಾಕಿಕೊಂಡು, ಭೂತಗನ್ನಡಿ ಹಿಡಿದು, ಒಂದೊಂದು ಹಿಡಿಯನ್ನು ಹರಡಿ ನೋಡುತ್ತಾರೆ. ದಾರಿಯಲ್ಲಿ ಹೋಗುವವರು, "ಏನ್ ಸ್ವಾಮಿ, ಅಕ್ಕಿ ಆರಿಸ್ತಾ ಇದೀರಾ?" ಎಂದು ಕೇಳಿದರೆ ಹೌದೆನ್ನುತ್ತಾರೆ. ಡಬ್ಬದಲ್ಲಿ ಇನ್ನೂ ಅರ್ಧ ಉಳಿದಿದೆ.