ನಮ್ಮೂರಲ್ಲೇ ದೆವ್ವ ಇರುವಾಗ ಜಪಾನಿನ ದೆವ್ವ ಯಾಕೆ?

ನಾನು ದೆವ್ವದ ಕಥೆಗಳನ್ನು ಇಷ್ಟಪಟ್ಟು ಓದುತ್ತೇನೆ. ಅದರಲ್ಲೂ ಜಪಾನ್, ಚೀನಾ, ಥಾಯ್ಲೆಂಡ್ ಕಡೆಯವು ಜಾಸ್ತಿ. ಕಾಮಿಕ್ಸ್ ಕೂಡ ಓದುತ್ತೇನೆ. ಗಂಗಾವತಿಯ ನಮ್ಮ ಮನೆಗೆ ಬಂದು ಕಪಾಟು ನೋಡಿದವರು ಕೇಳುವುದು ಒಂದೇ ಪ್ರಶ್ನೆ. "ನಮ್ಮ ಕಡೆ ಹುಣಸೆ ಮರಕ್ಕೊಂದು, ಹಾಳು ಬಾವಿಗೊಂದು ದೆವ್ವ ಇದೆ. ಅಷ್ಟು ದೂರದ್ದು ಯಾಕೆ ಬೇಕು?"

ದೂರದ್ದು ಅಂದುಕೊಂಡು ಓದುತ್ತಾ ಹೋದರೆ ಕೊನೆಗೆ ಸಿಗುವುದು ನಮ್ಮೂರಿನ ಬಾಣಂತಿಯೇ. ಇದು ನನ್ನ ಉತ್ತರ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹಸಿ ಬಾಣಂತಿ ಸತ್ತರೆ ದೆವ್ವ ಆಗುತ್ತಾಳೆ ಅನ್ನುವ ಮಾತು ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಕೇಳದವರು ಕಡಿಮೆ. ಉತ್ತರ ಭಾರತದಲ್ಲಿ ಇವಳೇ ಚುಡೈಲ್, ಪಾದ ಹಿಂದಕ್ಕೆ ತಿರುಗಿರುತ್ತದೆ. ಮಲೇಷ್ಯಾದಲ್ಲಿ ಪೊಂಟಿಯಾನಕ್, ಇಂಡೋನೇಷ್ಯಾದಲ್ಲಿ ಕುಂಟಿಲಾನಕ್. ಥಾಯ್ಲೆಂಡಿನವರ ಮೇ ನಾಕ್ ಹೆರಿಗೆಯಲ್ಲಿ ಸತ್ತವಳು. ಗಂಡ ಯುದ್ಧಕ್ಕೆ ಹೋಗಿದ್ದಾನೆ. ಅವನು ವಾಪಸ್ ಬಂದಾಗ ಹೆಂಡತಿ, ಕೂಸು ಇಬ್ಬರೂ ಮನೆಯಲ್ಲಿದ್ದಾರೆ. ಒಂದು ದಿನ ಅಡುಗೆ ಮಾಡುವಾಗ ಅವಳ ಕೈಯಿಂದ ಲಿಂಬೆಹಣ್ಣು ಜಾರಿ, ಕಂಬಗಳ ಮೇಲೆ ಕಟ್ಟಿದ ಆ ಮನೆಯ ಹಲಗೆಯ ಸಂದಿಯಿಂದ ಕೆಳಗೆ ಬೀಳುತ್ತದೆ. ಅವಳು ಕೂತಲ್ಲಿಂದಲೇ ಕೈಯನ್ನು ನೆಲದವರೆಗೆ ಉದ್ದ ಮಾಡಿ ಎತ್ತಿಕೊಳ್ಳುತ್ತಾಳೆ. ಗಂಡನಿಗೆ ಆಗ ಗೊತ್ತಾಗುತ್ತದೆ. ಬ್ಯಾಂಕಾಕಿನ ವಾಟ್ ಮಹಾಬುಟ್ ದೇವಸ್ಥಾನದಲ್ಲಿ ಅವಳ ಗುಡಿ ಇದೆ. ಜನ ಅವಳಿಗೆ ಬಟ್ಟೆ, ಕೂಸಿಗೆ ಆಟಿಕೆ ಇಟ್ಟು ಹರಕೆ ಹೊರುತ್ತಾರೆ.

ಇವೆಲ್ಲಕ್ಕಿಂತ ನನ್ನನ್ನು ಜಾಸ್ತಿ ಕಾಡುವುದು ಜಪಾನಿನ ಒಂದು ಹಳೇ ಜನಪದ ಕಥೆ. ರಾತ್ರಿ ಮಿಠಾಯಿ ಅಂಗಡಿ ಮುಚ್ಚುವ ಹೊತ್ತಿಗೆ ಬಿಳುಚಿದ ಹೆಂಗಸೊಬ್ಬಳು ಬಂದು ಒಂದು ಕಾಸಿನ ಮಿಠಾಯಿ ಕೊಳ್ಳುತ್ತಾಳೆ. ಮಾತಿಲ್ಲ. ಮರುದಿನವೂ ಅದೇ ಹೊತ್ತು, ಅದೇ ಒಂದು ಕಾಸು. ಹೀಗೆ ಆರು ರಾತ್ರಿ. ಏಳನೆಯ ರಾತ್ರಿ ಅವಳ ಹತ್ತಿರ ದುಡ್ಡಿಲ್ಲ. ಅಂಗಡಿಯವನು ಅವಳ ಹಿಂದೆ ಹೋಗುತ್ತಾನೆ. ಅವಳು ಸ್ಮಶಾನಕ್ಕೆ ಹೋಗಿ ಮಾಯವಾಗುತ್ತಾಳೆ. ಹೊಸ ಗೋರಿಯ ಒಳಗಿಂದ ಕೂಸು ಅಳುವ ಸದ್ದು. ಅಗೆದು ನೋಡಿದರೆ, ಹೂತ ಮೇಲೆ ಹುಟ್ಟಿದ ಮಗು ಸತ್ತ ತಾಯಿಯ ಪಕ್ಕದಲ್ಲಿ ಮಿಠಾಯಿ ಚೀಪುತ್ತಾ ಮಲಗಿದೆ. ಸತ್ತವರು ಆಚೆ ಲೋಕದ ನದಿ ದಾಟಲಿ ಅಂತ ಜಪಾನಿನಲ್ಲಿ ಹೆಣದ ಜತೆ ಆರು ಕಾಸು ಇಡುತ್ತಿದ್ದರು. ತಾಯಿ ತನ್ನ ದಾರಿಯ ದುಡ್ಡನ್ನು ಮಗುವಿಗೆ ಖರ್ಚು ಮಾಡಿದ್ದಳು. ಕ್ಯೋಟೋದಲ್ಲಿ ಈ ಕಥೆಯ ಹೆಸರಿನಲ್ಲಿ ಮಿಠಾಯಿ ಮಾರುವ ಅಂಗಡಿ ಇವತ್ತಿಗೂ ಇದೆ.

ಇದು ಭಯದ ಕಥೆಯಾ? ನನಗಂತೂ ಓದಿದಾಗ ಹೆದರಿಕೆಗಿಂತ ಮೊದಲು ಹೊಟ್ಟೆ ಕಿವುಚಿತು.

ಏಷ್ಯಾದ ತುಂಬಾ ಇದೇ ಹೆಂಗಸು ಯಾಕೆ ಓಡಾಡುತ್ತಾಳೆ ಅಂದರೆ, ಹೆರಿಗೆಯಲ್ಲಿ ಸಾಯುವುದು ಎಲ್ಲ ಊರಲ್ಲೂ ಇತ್ತು. ಸತ್ತವಳ ಬಗ್ಗೆ ಊರಿಗೆ ಒಂದು ಅಳುಕೂ ಇತ್ತು. ಎಳೇ ವಯಸ್ಸಿನಲ್ಲಿ ಮದುವೆ, ಮೈಯಲ್ಲಿ ರಕ್ತ ಇಲ್ಲ, ಹೊತ್ತಿಗೆ ಸಿಗದ ಗಾಡಿ. ನಮ್ಮ ಭಾಗದಲ್ಲಿ ಇದು ಹಳೇ ಕಾಲದ ಮಾತಲ್ಲ ಅನ್ನುವುದು ನಿಮಗೂ ಗೊತ್ತು. ಆದರೆ ನಮ್ಮೂರ ಕಥೆ ಹುಣಸೆ ಮರದ ಹತ್ತಿರ ಶುರುವಾಗಿ ಮಂತ್ರವಾದಿಯ ಬೇವಿನ ಸೊಪ್ಪಿಗೆ ಮುಗಿದುಬಿಡುತ್ತದೆ. ಅವಳು ಯಾರು, ಹೇಗೆ ಸತ್ತಳು, ಆಗ ಯಾರು ಎಲ್ಲಿದ್ದರು, ಇದನ್ನು ಯಾರೂ ಹೇಳುವುದಿಲ್ಲ. ಮಿಠಾಯಿ ಕೊಳ್ಳುವ ತಾಯಿಯನ್ನು ಓದಿದ ಮೇಲೆಯೇ ನಾನು ನಮ್ಮ ಬಾಣಂತಿಯ ಹಿಂದಿನ ಕಥೆ ಕೇಳಲು ಶುರು ಮಾಡಿದ್ದು.

ಕೇಳುವ ಪದ್ಧತಿ ನಮ್ಮಲ್ಲೂ ಇದೆ, ಅದನ್ನು ಮರೆಯಬಾರದು. ಗಾಳಿ ಸೋಕಿದೆ ಅಂದವರನ್ನು ಕೂರಿಸಿ ಹಿರಿಯರು ಮೊದಲು ಕೇಳುವುದೇ "ಯಾರು ನೀನು? ಏನು ಬೇಕು?" ಅಂತ. ಹಸಿರು ಸೀರೆ, ಬಳೆ, ಎಡೆ ಅಂತ ಉತ್ತರ ಬರುತ್ತದೆ. ಬದುಕಿದ್ದಾಗ ಕೊಡದೆ ಉಳಿಸಿಕೊಂಡ ಬಾಕಿ ಅದು. ಬೇತಾಳನೂ ರಾಜನ ಹೆಗಲ ಮೇಲೆ ಕೂತು ಕೇಳುವುದು ನ್ಯಾಯವನ್ನೇ: ಇದರಲ್ಲಿ ತಪ್ಪು ಯಾರದು? ಕಾಶ್ಮೀರದ ಸೋಮದೇವ 11ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದಿಟ್ಟ ಆ ಬೇತಾಳ, 'ಚಂದಮಾಮ'ದ ಚಿತ್ರಗಳ ಮೂಲಕ ನಮ್ಮ ಮನೆಗಳಿಗೂ ಬಂದ.

ಚೀನಾದ ಪು ಸಾಂಗ್ಲಿಂಗ್ ಈ ಬಾಕಿಯ ಲೆಕ್ಕವನ್ನು ಅರಮನೆಯ ಬಾಗಿಲಿಗೇ ಒಯ್ದ. 1640ರಿಂದ 1715ರವರೆಗೆ ಬದುಕಿದ್ದವನು, ಸರ್ಕಾರಿ ನೌಕರಿಯ ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಸೋತವನು. ದೆವ್ವ, ನರಿ, ಮಾಯೆಯ ಸುಮಾರು 500 ಕಥೆ ಬರೆದ. ಅದರಲ್ಲಿ ಒಂದು ಜೀರುಂಡೆಯ ಕಥೆ. ಅರಮನೆಗೆ ಕಾಳಗದ ಜೀರುಂಡೆಗಳ ಹುಚ್ಚು. ಅಧಿಕಾರಿಗಳು ಬಡವರ ಮೇಲೆ ಜೀರುಂಡೆ ಕಂದಾಯ ಹಾಕುತ್ತಾರೆ, ಕೊಡದಿದ್ದರೆ ಹೊಡೆತ. ಒಬ್ಬ ಬಡವ ಕಷ್ಟಪಟ್ಟು ಹಿಡಿದು ತಂದ ಜೀರುಂಡೆ ಅವನ ಪುಟ್ಟ ಮಗನ ಕೈಯಲ್ಲಿ ಸಾಯುತ್ತದೆ. ಹುಡುಗ ಹೆದರಿ ಬಾವಿಗೆ ಬೀಳುತ್ತಾನೆ. ಮೇಲೆತ್ತಿದರೆ ಉಸಿರಿದೆ, ಮಾತಿಲ್ಲ. ಆಮೇಲೆ ಎಲ್ಲಿಂದಲೋ ಒಂದು ಸಣ್ಣ ಜೀರುಂಡೆ ಬಂದು ಎಲ್ಲವನ್ನೂ ಸೋಲಿಸುತ್ತದೆ, ಹುಂಜವನ್ನೂ ಬಿಡುವುದಿಲ್ಲ. ಅದು ಆ ಹುಡುಗನ ಜೀವ. ಈ ಕಥೆಯಲ್ಲಿ ದೆವ್ವವೇ ಇಲ್ಲ, ಕಂದಾಯ ಮಾತ್ರ ಇದೆ. ನಾನು ಓದಿದ ಅತ್ಯಂತ ಭಯದ ಕಥೆಗಳಲ್ಲಿ ಇದೂ ಒಂದು.

ಇನ್ನು ಕಾಮಿಕ್ಸ್. "ಅದು ಮಕ್ಕಳ ಆಟ" ಅನ್ನುವವರಿಗೆ ನಾನು ಮೋರನಾಳದ ಹೆಸರು ಹೇಳುತ್ತೇನೆ. ಕೊಪ್ಪಳದ ಆ ಊರಿನ ಭೀಮವ್ವ ಶಿಳ್ಳೇಕ್ಯಾತರ ಜೀವನವಿಡೀ ತೊಗಲು ಗೊಂಬೆ ಆಡಿಸಿದವರು. 2025ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಚಿತ್ರ ತೋರಿಸಿ ಕಥೆ ಹೇಳುವುದು ನಮ್ಮ ಮಣ್ಣಿನಲ್ಲೇ ಇದೆ. ಜಪಾನಿನಲ್ಲಿ 1930ರ ದಶಕದಲ್ಲಿ ಸೈಕಲ್ ಮೇಲೆ ಬಂದು, ಮಕ್ಕಳಿಗೆ ಮಿಠಾಯಿ ಮಾರಿ, ಒಂದೊಂದೇ ಚಿತ್ರದ ಹಲಗೆ ತೋರಿಸುತ್ತಾ ಕಥೆ ಹೇಳುವವರಿದ್ದರು. ಸ್ಮಶಾನದಲ್ಲಿ ಹುಟ್ಟಿದ ಮಗುವಿನ ಕಥೆ ಅವರ ಕೈಯಲ್ಲಿ ಕಿತಾರೋ ಎಂಬ ಹುಡುಗನ ಕಥೆಯಾಯಿತು. ಎರಡನೇ ಮಹಾಯುದ್ಧದಲ್ಲಿ ಎಡಗೈ ಕಳೆದುಕೊಂಡು ಬಂದ ಶಿಗೆರು ಮಿಜುಕಿ ಮೊದಲು ಅದೇ ಹಲಗೆಗಳಿಗೆ ಚಿತ್ರ ಬರೆದರು, ಆಮೇಲೆ 1960ರಿಂದ ಕಿತಾರೋನನ್ನು ಕಾಮಿಕ್ಸಿಗೆ ತಂದರು. ಊರೂರಿನ ದೆವ್ವ, ಭೂತಗಳನ್ನೂ ಹುಡುಕಿ ಹುಡುಕಿ ಬರೆದರು. ಅವರು ಬೆಳೆದ ಸಕಾಯ್‌ಮಿನಾಟೊದಲ್ಲಿ ಈಗ ರಸ್ತೆಯುದ್ದಕ್ಕೂ ಆ ಭೂತಗಳ ಕಂಚಿನ ಮೂರ್ತಿಗಳಿವೆ. ಒಂದು ಊರು ತನ್ನ ಅಜ್ಜಿಯರ ದೆವ್ವಗಳಿಗೆ ಇಷ್ಟು ಮರ್ಯಾದೆ ಕೊಟ್ಟಿದ್ದು ನೋಡಿ ನನಗೆ ಹೊಟ್ಟೆಕಿಚ್ಚಾಗುತ್ತದೆ.

ಜಪಾನಿನಲ್ಲಿ ದೆವ್ವದ ಕಥೆಗೆ ಬೇಸಿಗೆಯೇ ಕಾಲ. ಸೆಕೆಗೆ ಮೈ ಜುಮ್ ಅಂದರೆ ತಂಪು ಅಂತ. ರಾಯಚೂರಿನ ಮೇ ತಿಂಗಳಲ್ಲಿ ಮಾಳಿಗೆ ಮೇಲೆ ಹಾಸಿಗೆ ಹಾಸಿಕೊಂಡು ಕಥೆ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ.

ದೆವ್ವ ತನ್ನ ಬಾಕಿ ಕೇಳಲು ಬರುತ್ತದೆ ಅನ್ನುವ ಲೆಕ್ಕ ಎಲ್ಲ ಕಥೆಗೂ ಹೊಂದುವುದಿಲ್ಲ. ಜಪಾನಿನ ಜುಂಜಿ ಇಟೊ ಅವರ ಕಾಮಿಕ್ಸ್ ತೆಗೆದುಕೊಳ್ಳಿ. ಹಲ್ಲಿನ ಸೆಟ್ ಮಾಡುವ ಕೆಲಸದಲ್ಲಿದ್ದವರು, 1987ರಲ್ಲಿ ಮೊದಲ ಕಥೆಗೆ ಹೆಸರು ಬಂತು. ಅವರ ಒಂದು ಸಣ್ಣ ಕಥೆಯಲ್ಲಿ ಭೂಕಂಪ ಆಗಿ ಬೆಟ್ಟದ ಬಂಡೆ ಬಾಯಿಬಿಡುತ್ತದೆ. ಅದರ ತುಂಬಾ ಮನುಷ್ಯನ ಆಕಾರದ ತೂತುಗಳು. ನೋಡಲು ಬಂದ ಒಬ್ಬೊಬ್ಬರಿಗೂ ತನ್ನದೇ ಮೈಯ ಅಳತೆಯ ತೂತು ಸಿಗುತ್ತದೆ. ಒಳಗೆ ಹೋಗದೆ ಇರಲು ಆಗುವುದಿಲ್ಲ. ಯಾರ ಶಾಪವೂ ಇಲ್ಲ, ಯಾರಿಗೂ ಏನೂ ಬೇಕಿಲ್ಲ. ಎಡೆ ಇಟ್ಟು ಕಳಿಸುವ ಹಾಗೂ ಇಲ್ಲ.

ಇದನ್ನು ಓದಿ ಹಿರೇಬೆಣಕಲ್ ಬೆಟ್ಟ ಹತ್ತಿ ನೋಡಿ. ಗಂಗಾವತಿಯಿಂದ ದೂರವಿಲ್ಲ. ಎರಡು ಸಾವಿರ ವರ್ಷಕ್ಕೂ ಹಿಂದಿನ ನೂರಾರು ಕಲ್ಲಿನ ಸಮಾಧಿಗಳು ಅಲ್ಲಿವೆ. ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಮುಚ್ಚಿ ಮಾಡಿದ ಮನೆಗಳ ಹಾಗಿವೆ. ಕೆಲವಕ್ಕೆ ಮುಂದಿನ ಚಪ್ಪಡಿಯಲ್ಲಿ ದುಂಡಗಿನ ಕಿಂಡಿ ಕೊರೆದಿದ್ದಾರೆ. ಊರವರು ಅದನ್ನು ಮೋರೇರ ಗುಡ್ಡ ಅನ್ನುತ್ತಾರೆ, ಗಿಡ್ಡ ಜನ ಕಟ್ಟಿದ ಮನೆಗಳು ಅಂತ ಹೇಳುತ್ತಾರೆ. ಆ ಕಿಂಡಿಯ ಮುಂದೆ ಸುಮ್ನೆ ಕೂತರೆ ಸಾಕು, ಬಗ್ಗಿ ಒಳಗೆ ನೋಡಬೇಕು ಅನ್ನಿಸುತ್ತದೆ. ಇಟೊ ಬರೆದಿರುವುದು ಆ ಅನ್ನಿಸುವಿಕೆಯನ್ನೇ. ಇಂಥ ಗುಡ್ಡ ನಮ್ಮ ಮನೆ ಹಿತ್ತಲಲ್ಲೇ ಇದೆ. ನಮ್ಮ ಹುಡುಗರು ಯಾರಾದರೂ ಅದನ್ನು ಚಿತ್ರದಲ್ಲಿ ಬರೆಯಲಿ ಅಂತ ನನಗೆ ತುಂಬಾ ಆಸೆ.

ಇದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ: ಮಕ್ಕಳಿಗೆ ಕೊಡಬಹುದಾ? ಕಿತಾರೋ ಕಥೆಗಳನ್ನು ಧೈರ್ಯವಾಗಿ ಕೊಡಿ. ಮಿಠಾಯಿ ಕೊಳ್ಳುವ ತಾಯಿಯ ಕಥೆಯನ್ನು ನೀವೇ ಬಾಯಲ್ಲಿ ಹೇಳಿ. ಇಟೊ ಪುಸ್ತಕಗಳನ್ನು ಮಾತ್ರ ಅವರು ಕಾಲೇಜು ಮುಟ್ಟುವವರೆಗೆ ಮೇಲಿನ ಕಪಾಟಿನಲ್ಲಿ ಇಡಿ.