ಲ್ಯಾಪ್‌ಟಾಪಲ್ಲಿ ಗೇಮ್ ಸ್ಮೂತಾಗಿ ಓಡ್ಬೇಕಾ, ಮೊದ್ಲು ರ್‍ಯಾಮ್ ನೋಡಿ

ಗೇಮ್ ಲ್ಯಾಗ್ ಆಗ್ತಿದೆ ಅಂದ ತಕ್ಷಣ ಎಲ್ರೂ ಗ್ರಾಫಿಕ್ಸ್ ಕಾರ್ಡ್ ಬದಲಾಯಿಸೋ ಮಾತಾಡ್ತಾರೆ, ಆದ್ರೆ ಈಗಿನ ಬಹುತೇಕ ಲ್ಯಾಪ್‌ಟಾಪಲ್ಲಿ ಅದು ಮದರ್‌ಬೋರ್ಡಿಗೇ ಬೆಸುಗೆ ಹಾಕಿರುತ್ತೆ, ಪ್ರೊಸೆಸರೂ ಅಷ್ಟೆ, ಹಾಗಾಗಿ ಅದನ್ನ ಮರೆತುಬಿಡಿ.

ನಿಜವಾಗ್ಲೂ ವ್ಯತ್ಯಾಸ ಕಾಣೋದು, ಓಡ್ತಿರೋ ಪ್ರೋಗ್ರಾಮ್‌ಗಳ ಡೇಟಾ ಇಟ್ಕೊಳ್ಳೋ ತಾತ್ಕಾಲಿಕ ಮೆಮೊರಿ ಅಂದ್ರೆ ರ್‍ಯಾಮಲ್ಲಿ. ಎಷ್ಟೋ ಲ್ಯಾಪ್‌ಟಾಪ್ 8 ಜಿಬಿಯ ಒಂದೇ ಸ್ಟಿಕ್ ಹಾಕ್ಕೊಂಡು ಬರುತ್ತೆ, ಅಂದ್ರೆ ಸಿಂಗಲ್ ಚಾನೆಲ್, ಡೇಟಾ ಹೋಗ್ಬರೋಕೆ ಒಂದೇ ದಾರಿ. ಅದಕ್ಕೆ ಇನ್ನೊಂದು 8 ಜಿಬಿ ಸೇರಿಸಿದ್ರೆ ಡ್ಯುಯಲ್ ಚಾನೆಲ್ ಆಗುತ್ತೆ, ಮೆಮೊರಿ ಬ್ಯಾಂಡ್‌ವಿಡ್ತ್ (ಸೆಕೆಂಡಿಗೆ ಎಷ್ಟು ಡೇಟಾ ಸಾಗುತ್ತೆ ಅನ್ನೋದು) ಹೆಚ್ಚುಕಮ್ಮಿ ಡಬಲ್. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ದೇ ಪ್ರೊಸೆಸರ್ ಒಳಗೇ ಇರೋ ಇಂಟಿಗ್ರೇಟೆಡ್ ಗ್ರಾಫಿಕ್ಸಲ್ಲೇ ಆಡೋರಿಗಂತೂ ಇದು ದೊಡ್ಡ ವಿಷ್ಯ, ಯಾಕಂದ್ರೆ ಅದು ತನ್ನ ಕೆಲ್ಸಕ್ಕೂ ಇದೇ ರ್‍ಯಾಮನ್ನೇ ಬಳಸುತ್ತೆ, ಎಫ್‌ಪಿಎಸ್ (ಸೆಕೆಂಡಿಗೆ ತೋರಿಸೋ ಫ್ರೇಮ್‌ಗಳ ಸಂಖ್ಯೆ) ಏರೋದು ಕಣ್ಣಿಗೇ ಕಾಣುತ್ತೆ. ಕೊಳ್ಳೋ ಮುಂಚೆ ಖಾಲಿ ಸ್ಲಾಟ್ ಇದ್ಯಾ, ನಿಮ್ಮ ಮೆಮೊರಿ ಯಾವ ತಲೆಮಾರಿನ ಬಗೆ, ಡಿಡಿಆರ್4 ಆ ಡಿಡಿಆರ್5 ಆ ಅಂತ ಖಂಡಿತ ನೋಡ್ಕೊಳ್ಳಿ, ಒಂದರ ಜಾಗದಲ್ಲಿ ಇನ್ನೊಂದು ಕೂರಲ್ಲ. ತೆಳ್ಳಗಿನ ಮಾಡೆಲ್‌ಗಳಲ್ಲಿ ಎಷ್ಟೋ ಸಲ ಸ್ಲಾಟೇ ಇರಲ್ಲ.

ಎಸ್‌ಎಸ್‌ಡಿ (ಹಳೇ ಹಾರ್ಡ್ ಡಿಸ್ಕ್ ಬದಲು ಬಳಸೋ ವೇಗದ ಸ್ಟೋರೇಜ್) ಹಾಕಿದ್ರೆ ಲೋಡಿಂಗ್ ಟೈಮ್ ಭಾರಿ ಕಮ್ಮಿ ಆಗುತ್ತೆ, ಎಫ್‌ಪಿಎಸ್ ಮಾತ್ರ ಸಾಮಾನ್ಯವಾಗಿ ಏರಲ್ಲ.

ಇನ್ನು ಬಿಸಿ. ಅರ್ಧ ಗಂಟೆ ಚೆನ್ನಾಗಿ ಓಡಿ ಆಮೇಲೆ ತೊದಲೋಕೆ ಶುರುವಾದ್ರೆ ಅದು ಬಹುಶಃ ಥರ್ಮಲ್ ಥ್ರಾಟ್ಲಿಂಗ್, ಚಿಪ್ ತನ್ನನ್ನ ಕಾಪಾಡ್ಕೊಳ್ಳೋಕೆ ತಾನೇ ಸ್ಪೀಡ್ ಇಳಿಸ್ಕೊಳ್ಳುತ್ತೆ. ಫ್ಯಾನ್ ಧೂಳು ತೆಗ್ಸಿ, ಹಳೇ ಲ್ಯಾಪ್‌ಟಾಪ್ ಆದ್ರೆ ಚಿಪ್‌ನ ಬಿಸಿಯನ್ನ ಕೂಲರ್‌ಗೆ ದಾಟಿಸೋ ಥರ್ಮಲ್ ಪೇಸ್ಟ್ ಬದಲಾಯ್ಸಿ, ನನ್ನ ಪ್ರಕಾರ ದುಡ್ಡು ಖರ್ಚು ಮಾಡೋಕಿಂತ ಮುಂಚೆ ಮಾಡ್ಬೇಕಾದ ಕೆಲ್ಸ ಇದೇ. ಬಿಚ್ಚೋವಾಗ ಪವರ್ ಆಫ್ ಮಾಡಿ, ಬ್ಯಾಟರಿ ಕನೆಕ್ಟರ್ ಮೊದ್ಲು ತೆಗೀರಿ.