ಒಂಬತ್ತು ದಿನ, ಏಳು ಕುಂಡ

ಮೇ 4, 2024, ಶನಿವಾರ

ಟಿಕೆಟ್ ಆಯಿತು. 12ಕ್ಕೆ ಹೊರಟು 21ಕ್ಕೆ ವಾಪಸ್. ಮನೆಯಲ್ಲಿ ಎಲ್ಲರಿಗೂ ಯಾವ ಬ್ಯಾಗು, ಯಾವ ಬಟ್ಟೆ ಅನ್ನೋ ಚಿಂತೆ. ನನಗೆ ಬಾಲ್ಕನಿಯ ಏಳು ಬೋನ್ಸಾಯ್ ಕುಂಡಗಳ ಚಿಂತೆ, ಅಂದರೆ ಚಪ್ಪಟೆ ಕುಂಡದಲ್ಲಿ ಕುಳ್ಳಗೆ ಬೆಳೆಸಿದ ಮರಗಳದ್ದು. ಆಲದ ಜಾತಿಯ ಮೂರು ಫೈಕಸ್, ಎರಡು ಜೇಡ್, ಒಂದು ಬೋಗನ್‌ವಿಲ್ಲಾ, ಪೈನ್ ಥರದ ಸದಾ ಹಸಿರು ಮರ ಜೂನಿಪರ್ ಒಂದು.

ನೆಲದಲ್ಲಿರುವ ಮರಕ್ಕೆ ಮೇಲಿನ ಮಣ್ಣು ಒಣಗಿದರೂ ಕೆಳಗೆಲ್ಲೋ ತೇವ ಇರುತ್ತದೆ, ಬೇರು ಅಲ್ಲಿಗೆ ಹೋಗಿರುತ್ತದೆ. ಬೋನ್ಸಾಯ್‌ಗೆ ಆ ಕೆಳಗೆ ಅನ್ನೋದೇ ಇಲ್ಲ. ನನ್ನ ದೊಡ್ಡ ಫೈಕಸ್‌ನ ಕುಂಡ 5 ಸೆಂಟಿಮೀಟರ್ ಆಳ. ಅದರೊಳಗೆ ಇರುವುದೂ ಮಣ್ಣಲ್ಲ, ಪ್ಯೂಮಿಸ್ ಅನ್ನೋ ತೂತುತೂತಾದ ಹಗುರ ಕಲ್ಲು ಮತ್ತು ಸಣ್ಣ ಜಲ್ಲಿ. ಬೇರಿಗೆ ಗಾಳಿ ಸಿಗಲಿ, ನೀರು ನಿಂತು ಕೊಳೆಯದಿರಲಿ ಅಂತ ಹಾಗೆ ಹಾಕುವುದು. ಬಿಸಿಲು ಜೋರಾದ ದಿನ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ನೀರು ಕೇಳುತ್ತದೆ. ಮನೆಯಲ್ಲೇ ಇರುವವರಿಗೆ ಇದೇನೂ ಕಷ್ಟ ಅಲ್ಲ.

ಎರಡು ವರ್ಷದ ಹಿಂದೆ ಐದೇ ಐದು ದಿನ ಹೋಗಿದ್ದೆವು. ಆಗ ಇದ್ದದ್ದು ಬೇರೆ ಜೂನಿಪರ್. ಭಾವನಿಗೆ ಹೇಳಿದ್ದೆ, "ದಿನಾ ನೀರು ಹಾಕಿ, ಸಾಕು." ಅವರು ದಿನಾ ಒಂದು ಲೋಟ ಹಾಕಿದರು. ವಾಪಸ್ ಬಂದು ನೋಡಿದರೆ ಮರ ಹಸಿರು! ಭಾವನನ್ನು ಹೊಗಳಿದ್ದೇ ಹೊಗಳಿದ್ದು. ಮೂರು ವಾರ ಆದ ಮೇಲೆ ಹಸಿರು ಸ್ವಲ್ಪ ಮಂಕಾಯಿತು. ಎಲೆ ಮುಟ್ಟಿದರೆ ಪುಡಿಪುಡಿ. ಜೂನಿಪರ್ ಹಾಗೆಯೇ, ಸತ್ತ ಮೇಲೂ ವಾರಗಟ್ಟಲೆ ಹಸಿರಾಗಿರುತ್ತದೆ. ನಾನು ಊರಿಂದ ಬಂದು ಖುಷಿಯಿಂದ ಸವರಿದ್ದು ಹೆಣವನ್ನು.

ಕುಂಡದಿಂದ ಕಿತ್ತು ನೋಡಿದಾಗ ನಡುವಿನ ಬೇರಿನ ಮುದ್ದೆ ಒಣ ಧೂಳು. ಆಗ ಅದರಲ್ಲಿ ಪೀಟ್, ಅಂದರೆ ಜೌಗು ನೆಲದಲ್ಲಿ ಅರೆಕೊಳೆತ ಗಿಡಗಳ ಪುಡಿ, ಜಾಸ್ತಿ ಇತ್ತು. ಪೀಟ್ ಒಮ್ಮೆ ಪೂರ್ತಿ ಒಣಗಿದರೆ ನೀರನ್ನು ಹೀರುವುದಿಲ್ಲ, ತಳ್ಳುತ್ತದೆ. ಹಾಕಿದ ನೀರೆಲ್ಲ ಕುಂಡದ ಗೋಡೆಗುಂಟ ಇಳಿದು ಕೆಳಗಿನ ತೂತಿನಿಂದ ಹೊರಗೆ. ಭಾವ ಪ್ರತಿದಿನ ನೀರು ಸುರಿದಿದ್ದಾರೆ, ಮರ ಪ್ರತಿದಿನ ಬಾಯಾರಿದೆ. ಅವರದ್ದೇನೂ ತಪ್ಪಿಲ್ಲ. "ದಿನಾ ನೀರು ಹಾಕಿ" ಅಂದದ್ದು ನಾನೇ ಅಲ್ವಾ.

ಮೇ 6, ಸೋಮವಾರ

ಈ ಸಲ ಮನುಷ್ಯರನ್ನು ನಂಬುವುದೇ ಬೇಡ ಅಂದುಕೊಂಡು ಬತ್ತಿ ಪ್ರಯೋಗ ಶುರು ಮಾಡಿದೆ. ದೀಪದಲ್ಲಿ ಎಣ್ಣೆ ಬತ್ತಿಯ ತುದಿಗೆ ಏರುತ್ತದಲ್ಲ, ಅದೇ ಲೆಕ್ಕ. ಒಂದು ಬಕೆಟ್ ನೀರು, ಅದರಿಂದ ಪ್ರತಿ ಕುಂಡಕ್ಕೆ ಒಂದೊಂದು ದಪ್ಪ ಹತ್ತಿ ಹಗ್ಗ.

ಮೊನ್ನೆ ರಾತ್ರಿ ಬಕೆಟ್ಟನ್ನು ಸ್ಟೂಲಿನ ಮೇಲೆ ಇಟ್ಟಿದ್ದೆ, ಕುಂಡಗಳು ಕೆಳಗೆ. ನಿನ್ನೆ ಬೆಳಗ್ಗೆ ಬಕೆಟ್ ಅರ್ಧ ಖಾಲಿ, ಬಾಲ್ಕನಿ ತುಂಬಾ ನೀರು. ನೀರಿನ ಮಟ್ಟ ಕುಂಡಕ್ಕಿಂತ ಎತ್ತರದಲ್ಲಿದ್ದರೆ ಒದ್ದೆ ಹಗ್ಗ ಬತ್ತಿಯಾಗಿ ಉಳಿಯುವುದಿಲ್ಲ, ಪೈಪಾಗುತ್ತದೆ. ಸರಿ, ನಿನ್ನೆ ರಾತ್ರಿ ಬಕೆಟ್ಟನ್ನು ಕೆಳಗಿಟ್ಟು ಕುಂಡಗಳನ್ನು ಒಂದು ಗೇಣು ಮೇಲಿಟ್ಟೆ. ಇವತ್ತು ನೋಡಿದರೆ ಹಗ್ಗದ ಸುತ್ತ ಒಂದು ರೂಪಾಯಿ ನಾಣ್ಯದಷ್ಟು ಜಾಗ ಒದ್ದೆ, ಉಳಿದದ್ದು ಒಣ. ನುಣ್ಣನೆಯ ಮಣ್ಣಾಗಿದ್ದರೆ ತೇವ ಪಕ್ಕಕ್ಕೆ ಹರಡುತ್ತಿತ್ತು. ಜಲ್ಲಿಯಲ್ಲಿ ಕಾಳಿಂದ ಕಾಳಿಗೆ ದೂರ, ನೀರು ದಾಟುವುದಿಲ್ಲ.

ಕುಂಡಗಳನ್ನು ನೀರಿರುವ ಟ್ರೇಯಲ್ಲಿ ಕೂರಿಸಿ ಹೋಗು ಅಂತ ಗೆಳೆಯನೊಬ್ಬ ಹೇಳಿದ. ಒಂದೆರಡು ದಿನಕ್ಕಾದರೆ ನಡೆಯುತ್ತದೇನೋ. ಒಂಬತ್ತು ದಿನ ಬೇರು ನೀರಲ್ಲಿ ಮುಳುಗಿದ್ದರೆ ಉಸಿರು ಕಟ್ಟಿ ಕೊಳೆಯಲು ಶುರುವಾಗುತ್ತದೆ. ಬಾಯಾರಿ ಸಾಯುವ ಬದಲು ಮುಳುಗಿ ಸಾಯುವುದು, ಅಷ್ಟೇ ವ್ಯತ್ಯಾಸ.

ಮೇ 9, ಗುರುವಾರ

ಟೈಮರ್ ಇರುವ ಡ್ರಿಪ್ ಸೆಟ್ಟನ್ನು ಗೆಳೆಯನಿಂದಲೇ ಎರವಲು ತಂದೆ. ಎರಡನೇ ದಿನಕ್ಕೇ ನಲ್ಲಿಯ ಒತ್ತಡಕ್ಕೆ ಒಂದು ಪೈಪು ಕಿತ್ತು ಬಂತು. ಅದು ಕಿತ್ತ ಮೇಲೆ ಉಳಿದ ಆರು ಕುಂಡಗಳಿಗೆ ಹನಿಯೂ ಹೋಗಲಿಲ್ಲ. ನಾನು ಇಲ್ಲೇ ಇದ್ದೆ, ಸರಿ ಮಾಡಿದೆ. ಇಲ್ಲದಿದ್ದರೆ? ಒಂದು ತಿಂಗಳು ಮೊದಲೇ ಜೋಡಿಸಿ, ದಿನಾ ನೋಡಿ, ತಿದ್ದಿ, ನಂಬಿಕೆ ಬಂದ ಮೇಲೆ ಬಿಟ್ಟು ಹೋಗುವವರಿಗೆ ಡ್ರಿಪ್ ಒಳ್ಳೆಯದೇ. ಹೊರಡಲು ಮೂರು ದಿನ ಇರುವಾಗ ಅಲ್ಲ.

ಆದರೆ ಈ ವಾರ ಒಂದು ಉಪಯೋಗದ ಕೆಲಸ ಆಯಿತು. ಅಡುಗೆಮನೆಯ ಡಿಜಿಟಲ್ ತಕ್ಕಡಿ ತಂದು ದೊಡ್ಡ ಫೈಕಸ್ಸನ್ನು ತೂಗಿದೆ. ನೀರು ಹಾಕಿ, ಸೋರುವುದು ನಿಂತ ಮೇಲೆ ಒಮ್ಮೆ. ಮರುದಿನ ಅದೇ ಹೊತ್ತಿಗೆ ಇನ್ನೊಮ್ಮೆ. ಎಷ್ಟು ಗ್ರಾಂ ಕಡಿಮೆಯಾಯಿತೋ ಅಷ್ಟು ಮಿಲಿಲೀಟರ್ ನೀರು ಹೋಯಿತು ಅಂತ. ಬಿಸಿಲಿನಲ್ಲಿಟ್ಟ ದಿನ 310 ಗ್ರಾಂ ಇಳಿದಿತ್ತು. ಗೋಡೆಯ ಮರೆಗೆ, ನೆರಳಿಗೆ ತಂದು ಉಳಿದ ಕುಂಡಗಳ ಮಧ್ಯೆ ಒತ್ತಾಗಿ ಇಟ್ಟ ದಿನ 130. ಅಂದರೆ ಸುಮ್ನೆ ಜಾಗ ಬದಲಿಸಿದ್ದಕ್ಕೇ ಅರ್ಧಕ್ಕಿಂತ ಜಾಸ್ತಿ ನೀರು ಉಳಿಯಿತು. ಬತ್ತಿ, ಪೈಪು, ಟೈಮರ್ ಅಂತ ಐದು ದಿನ ಒದ್ದಾಡಿದ್ದು ನೆನೆದು ನಗು ಬಂತು.

ಜೂನಿಪರ್‌ಗೆ ಬಿಸಿಲು ಬೇಕು, ನಿಜ. ಒಂಬತ್ತು ದಿನ ನೆರಳಿನಲ್ಲಿದ್ದರೆ ಅದು ಸಾಯುವುದಿಲ್ಲ. ಮನೆಯೊಳಗೆ ಮಾತ್ರ ತರಲ್ಲ.

ಮೇ 11, ಶನಿವಾರ

ಕೊನೆಗೆ ಮನುಷ್ಯರ ಹತ್ತಿರವೇ ಬಂದೆ. ಪಕ್ಕದ ಮನೆಯ ಅಕ್ಕ ಒಪ್ಪಿದರು. ಜಪಾನಿನಲ್ಲಿ ಬೋನ್ಸಾಯ್ ಕಲಿಯುವವರಿಗೆ "ನೀರು ಹಾಕುವುದು, ಮೂರು ವರ್ಷ" ಅಂತ ಒಂದು ಮಾತಿದೆ. ಅಷ್ಟನ್ನು ಕಲಿಯುವುದಕ್ಕೇ ಮೂರು ವರ್ಷ ಬೇಕಂತೆ. ಅಕ್ಕನಿಗೆ ನಾನು ಕೊಟ್ಟದ್ದು ಮೂರು ಸಂಜೆ.

ಮೊದಲ ಸಂಜೆ ನೀರಿನ ಮಾತೇ ಎತ್ತಲಿಲ್ಲ. ಕುಂಡ ಎತ್ತಿಸಿದೆ. ನೀರು ಹಾಕುವ ಮೊದಲು ಒಮ್ಮೆ, ಹಾಕಿದ ಮೇಲೆ ಒಮ್ಮೆ.

"ಇದೇನಪ್ಪಾ, ಕೂಸನ್ನು ಎತ್ತಿ ತೂಕ ನೋಡಿದ ಹಾಗೆ!" ಅಂದರು.

"ಹೌದಕ್ಕ, ಅಷ್ಟೇ. ಹಗುರ ಅನ್ನಿಸಿದರೆ ಹಾಕಿ. ಭಾರ ಇದ್ದರೆ ಬಿಡಿ."

ಎರಡನೇ ಸಂಜೆ ಬಿದಿರು ಕಡ್ಡಿ. ಬುಡದಿಂದ ಸ್ವಲ್ಪ ದೂರದಲ್ಲಿ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆದರೆ, ಒದ್ದೆಯಾದ ಭಾಗ ಕಪ್ಪಾಗಿ ಕಾಣುತ್ತದೆ. ತೂಕದ ಅಂದಾಜು ಸಿಗದ ದಿನ ಇದು. ಹಾಕುವಾಗ ಒಂದೇ ಸಲ ಹಾಕುವುದಲ್ಲ. ಎಲ್ಲ ಕುಂಡಕ್ಕೂ ಒಂದು ಸುತ್ತು, ಮತ್ತೆ ಮೊದಲಿನಿಂದ ಇನ್ನೊಂದು ಸುತ್ತು. ಮೊದಲ ಸುತ್ತು ಮೇಲ್ಭಾಗವನ್ನು ನೆನೆಸುತ್ತದೆ, ಎರಡನೆಯದು ಒಳಗಿಳಿಯುತ್ತದೆ. ಕೆಳಗಿನ ತೂತಿನಿಂದ ಧಾರಾಳವಾಗಿ ಹರಿಯುವ ತನಕ.

ಇವತ್ತು ನಾನು ಕೈಕಟ್ಟಿ ನಿಂತೆ, ಎಲ್ಲ ಅವರೇ ಮಾಡಿದರು. ಜೇಡ್ ಎರಡಕ್ಕೂ ಕೆಂಪು ದಾರ ಕಟ್ಟಿದ್ದೇನೆ, ಅಂದರೆ ಮುಟ್ಟಲೇಬೇಡಿ ಅಂತ. ಅವು ನೀರನ್ನು ಎಲೆಯಲ್ಲೇ ಕೂಡಿಟ್ಟುಕೊಂಡಿರುತ್ತವೆ, ಎರಡು ವಾರ ಅವಕ್ಕೆ ಲೆಕ್ಕವೇ ಅಲ್ಲ. ಫೈಕಸ್‌ಗಳ ಉದ್ದ ಚಿಗುರನ್ನು ಕತ್ತರಿಸಿದೆ, ಎಲೆ ಕಡಿಮೆಯಾದರೆ ಕುಡಿಯುವುದೂ ಕಡಿಮೆ. ಗೊಬ್ಬರ ಹಾಕಿಲ್ಲ.

ಮೇ 12, ಭಾನುವಾರ

ಹೊರಟೆವು. ಬಾಗಿಲು ಹಾಕಿದ ಮೇಲೆ ಮತ್ತೆ ತೆಗೆದು ಒಮ್ಮೆ ಜೂನಿಪರ್ ಎತ್ತಿ ನೋಡಿದೆ. ಮನೆಯವರು ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ಹೆಚ್ಚು.

ಮೇ 16, ಗುರುವಾರ

ಫೋಟೋ ಕಳಿಸಿ ಅಂತ ಅಕ್ಕನಿಗೆ ಕೇಳಬಾರದು ಅಂದುಕೊಂಡಿದ್ದೆ, ಇವತ್ತು ಕೇಳಿಯೇಬಿಟ್ಟೆ. ಬಂತು. ಎಲ್ಲ ಹಸಿರು. ಫೈಕಸ್ ವಿಷಯದಲ್ಲಿ ಆ ಫೋಟೋಗೆ ಬೆಲೆ ಇದೆ, ಬಾಯಾರಿದರೆ ಅದು ಎಲೆ ಉದುರಿಸಿ ಹೇಳಿಬಿಡುತ್ತದೆ. ಜೂನಿಪರ್‌ನ ಫೋಟೋ ನೋಡಿ ಏನು ತಿಳಿಯುವುದು?

ನಿದ್ದೆ ಬರದೆ ಯೋಚಿಸುತ್ತಿದ್ದೆ. ವಾಷಿಂಗ್ಟನ್‌ನ ಬೋನ್ಸಾಯ್ ಮ್ಯೂಸಿಯಂನಲ್ಲಿ ಒಂದು ಬಿಳಿ ಪೈನ್ ಇದೆ. 1625ರಿಂದ ಬೋನ್ಸಾಯ್ ಆಗಿ ಬೆಳೆಸಿಕೊಂಡು ಬಂದದ್ದು. 1945ರಲ್ಲಿ ಹಿರೋಶಿಮಾದಲ್ಲಿ ಬಾಂಬ್ ಬಿದ್ದಾಗ ಆ ಊರಲ್ಲೇ ಯಮಾಕಿ ಮನೆತನದ ತೋಟದಲ್ಲಿತ್ತು. ಗೋಡೆಯ ಮರೆಯಲ್ಲಿದ್ದದ್ದರಿಂದ ಉಳಿಯಿತು. 1976ರಲ್ಲಿ ಅವರು ಅದನ್ನು ಅಮೆರಿಕಕ್ಕೆ ಉಡುಗೊರೆ ಕೊಟ್ಟರು. ಎಲ್ಲರೂ ಬಾಂಬಿನ ಕತೆ ಹೇಳುತ್ತಾರೆ. ನನಗೆ ಮಾತ್ರ ಆ ಸುಮಾರು 400 ವರ್ಷದ ಬೇಸಿಗೆಗಳದ್ದೇ ಯೋಚನೆ. ಆ ಮನೆಯವರಿಗೂ ನೆಂಟರಿದ್ದಿರಬೇಕು, ಎಲ್ಲಿಗೋ ಹೋಗಿಬರುವುದು ಇದ್ದಿರಬೇಕು. ಆಗೆಲ್ಲ ಝಾರಿ ಹಿಡಿದವರು ಯಾರೋ!

ಮೇ 21, ಮಂಗಳವಾರ

ಮಧ್ಯಾಹ್ನ ತಲುಪಿದೆವು. ಚಪ್ಪಲಿ ಬಿಡುವ ಮೊದಲೇ ಬಾಲ್ಕನಿ.

ಫೈಕಸ್ ಮೂರೂ ಚೆನ್ನಾಗಿವೆ, ಕತ್ತರಿಸಿದ ಕಡೆಯೆಲ್ಲ ಮೊಳಕೆ. ಬೋಗನ್‌ವಿಲ್ಲಾ ನೆರಳಿಗೆ ಮುನಿಸಿಕೊಂಡು ಹೂವನ್ನೆಲ್ಲ ಉದುರಿಸಿದೆ, ಬಿಸಿಲಿಗಿಟ್ಟರೆ ಸರಿಹೋಗುತ್ತದೆ. ಸಣ್ಣ ಜೇಡ್‌ನ ಬುಡದ ನಾಲ್ಕು ಎಲೆ ಹಳದಿ, ಮುಟ್ಟಿದರೆ ಮೆತ್ತಗೆ. ಕೆಂಪು ದಾರ ಇದ್ದಲ್ಲೇ ಇದೆ.

ಅಕ್ಕ ಒಪ್ಪಿಕೊಂಡರು. "ಎರಡೇ ಸಲ ಹಾಕಿದ್ದು ಕಣೋ. ಎಲ್ಲರಿಗೂ ಕೊಟ್ಟು ಅದೊಂದಕ್ಕೆ ಇಲ್ಲ ಅಂದ್ರೆ ಪಾಪ ಅನ್ನಿಸ್ತು." ಇದಕ್ಕೆ ಏನು ಹೇಳುವುದು? ಮುಂದಿನ ಸಲ ಜೇಡ್‌ಗಳನ್ನು ಅವರ ಕಣ್ಣಿಗೆ ಬೀಳದ ಕಡೆ ಬಚ್ಚಿಟ್ಟು ಹೋಗಬೇಕು.

ಜೂನಿಪರ್ ಹಸಿರಾಗಿದೆ. ಸಣ್ಣ ಕೊಂಬೆಯೊಂದರ ತೊಗಟೆಯನ್ನು ಉಗುರಿನಿಂದ ಕೆರೆದೆ, ಒಳಗೂ ಹಸಿರು, ಹಸಿ. ಆದರೂ ಜೂನ್ ಮಧ್ಯದವರೆಗೆ ಯಾರನ್ನೂ ಹೊಗಳುವುದಿಲ್ಲ.

ಸಂಜೆ ಚೀಲ ಬಿಚ್ಚುತ್ತಿದ್ದೆ. ಬಾಲ್ಕನಿಯಲ್ಲಿ ಸದ್ದು. ಬೀಗದ ಕೈ ವಾಪಸ್ ಕೊಡಲು ಬಂದ ಅಕ್ಕ ಅಭ್ಯಾಸದಂತೆ ಸೀದಾ ಅಲ್ಲಿಗೇ ಹೋಗಿದ್ದರು. ಜೂನಿಪರ್ ಕುಂಡವನ್ನು ಎರಡೂ ಕೈಯಲ್ಲಿ ಎತ್ತಿ, ಕಣ್ಣು ಮುಚ್ಚಿ ನಿಂತಿದ್ದರು. ನಾನು ಝಾರಿ ಎತ್ತಿಕೊಂಡೆ.

"ಬೇಡ," ಅಂದರು. "ಇನ್ನೂ ಭಾರ ಇದೆ. ನಾಳೆ ಬೆಳಗ್ಗೆ ಹಾಕು."